ಪಟ್ಟಿಯಲ್ಲೇ ಇಲ್ಲದ ಚರ್ಚುಗಳು: ಫ್ರಾನ್ಸಿನ ಹಳ್ಳಿಗಳಲ್ಲಿ ಸದ್ದಿಲ್ಲದೆ ಏನಾಗ್ತಿದೆ

ಬೀಗದ ಕೈ ಬೇಕಾದವ್ರು ಎದುರು ಮನೆಯಲ್ಲಿ ಕೇಳಿ ಅಂತ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ರು. ಕೆಲಸದ ಮೇಲೆ ಕೆಲವು ತಿಂಗಳು ದಿಜೋನ್‌ನಲ್ಲಿ ಇದ್ದಾಗ ಭಾನುವಾರ ಬಂದ್ರೆ ಸುತ್ತಮುತ್ತಲ ಬರ್ಗಂಡಿ ಹಳ್ಳಿಗಳಿಗೆ ಸುಮ್ನೆ ಹೋಗಿ ಬರ್ತಿದ್ದೆ, ಅಂಥದ್ದೇ ಒಂದು ಹಳ್ಳಿ ಇದು, ಹೆಚ್ಚಂದ್ರೆ ನೂರೈವತ್ತು ಜನ, ಅಂಗಡಿ ಇಲ್ಲ, ಸ್ಕೂಲ್ ಮುಚ್ಚಿ ಎಷ್ಟೋ ವರ್ಷ ಆಗಿದೆ, ಊರ ನಡುವೆ ಮಾತ್ರ ಇನ್ನೂರು ಮುನ್ನೂರು ಜನ ಆರಾಮಾಗಿ ಕೂರೋ ಅಷ್ಟು ದೊಡ್ಡ ಕಲ್ಲಿನ ಚರ್ಚು. ಎದುರು ಮನೆಯಿಂದ ಎಪ್ಪತ್ತು ದಾಟಿದ ಒಬ್ರು ಹೆಂಗಸು ಕೈಯಲ್ಲಿ ಗೇಣುದ್ದದ ಕಬ್ಬಿಣದ ಕೀಲಿ ಹಿಡ್ಕೊಂಡು ಬಂದ್ರು, ಇನ್ನೊಂದು ಕೈಯಲ್ಲಿ ಖಾಲಿ ಬಕೆಟ್. ಬಕೆಟ್ ಯಾಕೆ ಅಂತ ಒಳಗೆ ಹೋದ್ಮೇಲೆ ಗೊತ್ತಾಯ್ತು. ಉತ್ತರದ ಗೋಡೆ ಪಕ್ಕ ಮೂರು ಬಕೆಟ್ ಇಟ್ಟಿದ್ರು, ಹಿಂದಿನ ರಾತ್ರಿ ಬಿದ್ದ ಮಳೆಗೆ ಮೂರೂ ತುಂಬಿ ನಿಂತಿದ್ವು, ಗೋಡೆ ಮೇಲೆ ಆಳೆತ್ತರಕ್ಕೆ ಪಾಚಿ, ಹುಲ್ಲು ಹೆಣೆದ ಹಳೇ ಕುರ್ಚಿಗಳನ್ನೆಲ್ಲ ಒಣಗಿದ ಕಡೆ ಎಳೆದು ಪೇರಿಸಿದ್ರು. ಒಂದೊಂದು ಕುರ್ಚಿ ಬೆನ್ನಿಗೂ ಸಣ್ಣ ಹಿತ್ತಾಳೆ ಪಟ್ಟಿ, ಅದ್ರ ಮೇಲೆ ಒಂದೊಂದು ಮನೆತನದ ಹೆಸರು, ಆ ಮನೆತನಗಳಲ್ಲಿ ಈಗ ಊರಲ್ಲಿ ಉಳಿದಿರೋದು ಎರಡೇ ಅಂತ ಅವ್ರು ಹೇಳಿದ್ರು.

ಈ ಚರ್ಚು ಯಾವಾಗ ಕಟ್ಟಿದ್ದು ಅಂತ ಕೇಳ್ದೆ. "ಹಳೇದು" ಅಂದ್ರು. ಎಷ್ಟು ಹಳೇದು? "ತುಂಬಾ." ರೂಮಿಗೆ ಬಂದು ನೆಟ್‌ನಲ್ಲಿ ಹುಡುಕಿದ್ರೆ ಊರಿನ ಹೆಸರು ಸಿಗುತ್ತೆ, ಜನಸಂಖ್ಯೆ ಸಿಗುತ್ತೆ, ಚರ್ಚಿನ ಬಗ್ಗೆ ಒಂದೂವರೆ ಸಾಲು. ಸರ್ಕಾರದ ಸ್ಮಾರಕಗಳ ಡೇಟಾಬೇಸಲ್ಲಿ ಇಲ್ಲವೇ ಇಲ್ಲ. ಅವತ್ತಿಂದ ಈ ವಿಷಯ ತಲೆಯಲ್ಲಿ ಕೂತಿದೆ, ಯುರೋಪ್ ಅಂದ್ರೆ ಎಲ್ಲಾ ಕಲ್ಲಿಗೂ ಬೋರ್ಡ್ ಹಾಕಿರ್ತಾರೆ, ಎಲ್ಲಕ್ಕೂ ಫೈಲ್ ಇರುತ್ತೆ ಅಂತ ನಂಬಿದ್ದೆ ನಾನು, ಹಾಗಿಲ್ಲ. ಫ್ರಾನ್ಸಲ್ಲಿ ಸದ್ಯಕ್ಕೆ ಹಳ್ಳಿ ಚರ್ಚುಗಳ ಬಗ್ಗೆ ದೊಡ್ಡ ಚರ್ಚೆ ನಡೀತಿದೆ, ದುಡ್ಡು ಎಲ್ಲಿಂದ ತರೋದು, ಯಾವುದನ್ನ ಉಳಿಸೋದು ಯಾವುದನ್ನ ಬಿಡೋದು ಅಂತ. ನನಗೆ ಓದ್ತಾ ಓದ್ತಾ ಅನ್ಸಿದ್ದು ಏನಂದ್ರೆ ದುಡ್ಡಿನ ಸಮಸ್ಯೆ ಎರಡನೇದು, ಮೊದಲನೇದು ಕಾಗದದ ಸಮಸ್ಯೆ. ಯಾವ ಚರ್ಚಿನ ಬಗ್ಗೆ ಯಾರೂ ಏನೂ ಬರೆದಿಟ್ಟಿಲ್ವೋ ಅದಕ್ಕೆ ದುಡ್ಡು ಬರೋ ದಾರಿನೇ ಇಲ್ಲ, ಅದು ಬಿದ್ದು ಹೋದ್ರೆ ಏನು ಹೋಯ್ತು ಅಂತ ಹೇಳೋಕೂ ಯಾರ ಹತ್ರನೂ ಏನೂ ಇರಲ್ಲ.

ಮೊದಲು ಈ ಚರ್ಚುಗಳು ಯಾರದ್ದು ಅನ್ನೋದನ್ನ ನೋಡೋಣ, ಯಾಕಂದ್ರೆ ಇಲ್ಲೇ ಎಲ್ಲಾ ಗಂಟು ಬಿದ್ದಿರೋದು. ನಾವು ಅಂದ್ಕೊಳ್ಳೋದು ಚರ್ಚು ಅಂದ್ರೆ ಡಯಾಸಿಸ್ ಆಸ್ತಿ, ಬಿಷಪ್ ಕೈಯಲ್ಲಿರುತ್ತೆ ಅಂತ. ಫ್ರಾನ್ಸಲ್ಲಿ 1905ಕ್ಕಿಂತ ಮುಂಚೆ ಕಟ್ಟಿದ ಊರ ಚರ್ಚುಗಳೆಲ್ಲ ಹೆಚ್ಚುಕಡಿಮೆ ಆಯಾ ಊರಿನ ಕಮ್ಯೂನ್ ಆಸ್ತಿ, ಕಮ್ಯೂನ್ ಅಂದ್ರೆ ನಮ್ಮ ಗ್ರಾಮ ಪಂಚಾಯ್ತಿ ತರದ್ದು, ಅದಕ್ಕೊಬ್ಬ ಮೇಯರ್. ದೊಡ್ಡ ಕೆಥೆಡ್ರಲ್‌ಗಳಲ್ಲಿ 87 ಕೇಂದ್ರ ಸರ್ಕಾರದ್ದು, ಪ್ಯಾರಿಸ್ಸಿನ ನೋತ್ರ್ ದಾಮ್ ಸೇರಿ. ಕ್ಯಾಥೊಲಿಕ್ ಚರ್ಚಿನ ಲೆಕ್ಕದಲ್ಲಿ ದೇಶದಲ್ಲಿ 42 ಸಾವಿರದಷ್ಟು ಪ್ಯಾರಿಷ್ ಚರ್ಚು ಮತ್ತು ಚಾಪೆಲ್ ಇವೆ, ಅದ್ರಲ್ಲಿ 40 ಸಾವಿರದಷ್ಟು ಕಮ್ಯೂನ್‌ಗಳದ್ದು.

ಇದು ಹೀಗಾಗಿದ್ದಕ್ಕೆ ಉದ್ದ ಕತೆ ಇದೆ. ಕ್ರಾಂತಿಯ ವರ್ಷ, 1789ರ ನವೆಂಬರ್ 2ಕ್ಕೆ ಚರ್ಚಿನ ಆಸ್ತಿಯನ್ನೆಲ್ಲ ದೇಶದ ವಶಕ್ಕೆ ತಗೊಂಡ್ರು. ಆಮೇಲೆ ನೆಪೋಲಿಯನ್ 1801ರಲ್ಲಿ ಪೋಪ್ ಜೊತೆ ಒಪ್ಪಂದ ಮಾಡ್ಕೊಂಡು ಕಟ್ಟಡಗಳನ್ನ ಪೂಜೆಗೆ ವಾಪಸ್ ಬಿಟ್ಟುಕೊಟ್ಟ, ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡ್ತಿತ್ತು. ನೂರು ವರ್ಷ ಹಾಗೇ ನಡೀತು. 1905ರ ಡಿಸೆಂಬರ್ 9ಕ್ಕೆ ಧರ್ಮ ಮತ್ತು ಸರ್ಕಾರವನ್ನ ಬೇರೆ ಮಾಡೋ ಕಾನೂನು ಬಂತು, ಸಂಬಳ ನಿಂತು ಹೋಯ್ತು. ಆ ಕಾನೂನಿನ ಪ್ರಕಾರ ಭಕ್ತರೇ ಸೇರಿ ಸಂಘ ಕಟ್ಟಿಕೊಂಡು ಚರ್ಚನ್ನ ನೋಡ್ಕೋಬೇಕಿತ್ತು, ಆದ್ರೆ ಪೋಪ್ ಹತ್ತನೇ ಪಿಯುಸ್ ಆ ಸಂಘಗಳಿಗೆ ಒಪ್ಪಲಿಲ್ಲ, ಕಟ್ಟಬೇಡಿ ಅಂದುಬಿಟ್ರು. ತಗೊಳ್ಳೋರೇ ಇಲ್ಲದ ಚರ್ಚುಗಳು ಕಮ್ಯೂನ್ ಕೈಗೆ ಬಂದ್ವು. 1907ರಲ್ಲಿ ಇನ್ನೊಂದು ಕಾನೂನು ಮಾಡಿ ಪೂಜೆಗೆ ತೊಂದರೆ ಇಲ್ಲ, ಪಾದ್ರಿ ಮತ್ತೆ ಭಕ್ತರು ಬಾಡಿಗೆ ಇಲ್ಲದೆ ಬಳಸಬಹುದು ಅಂದ್ರು, 1908ರಲ್ಲಿ ಮತ್ತೊಂದು ಮಾಡಿ ಕಮ್ಯೂನ್ ಬೇಕಾದ್ರೆ ರಿಪೇರಿಗೆ ಖರ್ಚು ಮಾಡಬಹುದು ಅಂದ್ರು. ಗಮನಿಸಿ, ಮಾಡಬಹುದು ಅಂತ, ಮಾಡ್ಲೇಬೇಕು ಅಂತ ಅಲ್ಲ. (ಅಲ್ಸೇಸ್ ಮತ್ತು ಮೊಸೆಲ್ ಭಾಗ ಆಗ ಜರ್ಮನಿ ಕೈಲಿತ್ತು, ಅಲ್ಲಿಗೆ ಈ ಕಾನೂನು ಇವತ್ತಿಗೂ ಅನ್ವಯಿಸಲ್ಲ, ಹಳೇ ಪದ್ಧತಿನೇ ನಡೀತಿದೆ.)

ಇದ್ರಿಂದ ಏನಾಯ್ತು ಅಂದ್ರೆ ಮಾಲೀಕ ಒಬ್ಬ, ಬಳಸೋನು ಇನ್ನೊಬ್ಬ. ಕಟ್ಟಡ ಮೇಯರ್‌ದು, ಆದ್ರೆ ಅವ್ರು ಅದ್ರೊಳಗೆ ಒಂದು ಸಂಗೀತ ಕಛೇರಿ ಇಡಬೇಕು ಅಂದ್ರೂ ಪಾದ್ರಿ ಒಪ್ಪಬೇಕು. ಪಾದ್ರಿ ಬಳಸಬಹುದು, ಆದ್ರೆ ಒಂದು ಹೆಂಚು ಬದಲಾಯಿಸೋ ಜವಾಬ್ದಾರಿನೂ ಅವರದ್ದಲ್ಲ, ಅಷ್ಟು ದುಡ್ಡೂ ಅವ್ರ ಹತ್ರ ಇಲ್ಲ. ಪೂಜೆ ನಿಂತೇ ಹೋಗಿದೆ, ಬೇರೆ ಕೆಲಸಕ್ಕೆ ಬಳಸೋಣ ಅಂದ್ರೆ ಬಿಷಪ್ಪರ ಲಿಖಿತ ಒಪ್ಪಿಗೆ ಬೇಕು, ಆಮೇಲೆ ಪ್ರಿಫೆಕ್ಟ್, ಅಂದ್ರೆ ಜಿಲ್ಲೆಯಲ್ಲಿರೋ ಕೇಂದ್ರ ಸರ್ಕಾರದ ಪ್ರತಿನಿಧಿ, ಆದೇಶ ಹೊರಡಿಸಬೇಕು. ನಮ್ಮ ಮುಜರಾಯಿ ದೇವಸ್ಥಾನಕ್ಕೆ ಹೋಲಿಸಬೇಡಿ, ಇಲ್ಲಿ ಹುಂಡಿ ಇದೆ ಅರ್ಚಕರಿದ್ದಾರೆ ದಿನಾ ದೀಪ ಹಚ್ತಾರೆ, ಅಲ್ಲಿ ಒಬ್ಬೊಬ್ಬ ಪಾದ್ರಿ ಇಪ್ಪತ್ತು ಮೂವತ್ತು ಊರು ನೋಡ್ಕೋಬೇಕು, ಅಲ್ಲಿನವ್ರು ಅದನ್ನ 'ಇಷ್ಟು ಕ್ಲೋಷೆ' ಅಂತ ಲೆಕ್ಕ ಹಾಕ್ತಾರೆ, ಕ್ಲೋಷೆ ಅಂದ್ರೆ ಗಂಟೆ ಗೋಪುರ. ನಾನು ನೋಡಿದ ಊರಲ್ಲಿ ವರ್ಷಕ್ಕೆ ಎರಡು ಪೂಜೆ, ಯಾರಾದ್ರೂ ತೀರ್ಕೊಂಡ್ರೆ ಅಂತ್ಯಕ್ರಿಯೆಗೆ ಒಂದು. ಉಳಿದ ದಿನ ಬೀಗ.

ಇನ್ನು ದುಡ್ಡಿನ ಲೆಕ್ಕ. ಫ್ರಾನ್ಸಲ್ಲಿ ಹತ್ರಹತ್ರ 35 ಸಾವಿರ ಕಮ್ಯೂನ್ ಇವೆ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಊರುಗಳಲ್ಲಿ 500 ಜನನೂ ಇಲ್ಲ. ಆ ಪುಟ್ಟ ಕಮ್ಯೂನೇ ರಸ್ತೆ ನೋಡ್ಬೇಕು, ನೀರು ನೋಡ್ಬೇಕು, ಸ್ಕೂಲ್ ಇದ್ರೆ ಅದನ್ನೂ ನೋಡ್ಬೇಕು. ಚರ್ಚಿನ ಚಾವಣಿ ಪೂರ್ತಿ ಬಿಚ್ಚಿ ಕಟ್ಟೋದು ಅಂದ್ರೆ ಲಕ್ಷಗಟ್ಟಲೆ ಯೂರೋ ಮಾತು, ಊರಿನ ವರ್ಷದ ಬಜೆಟ್ಟನ್ನೇ ನುಂಗುವಂಥ ಮೊತ್ತ. ಕಟ್ಟಡ ಸ್ಮಾರಕ ಪಟ್ಟಿಯಲ್ಲಿದ್ರೆ ಸಂಸ್ಕೃತಿ ಇಲಾಖೆಯಿಂದ ಒಳ್ಳೆ ಪಾಲು ಬರುತ್ತೆ, ಜೊತೆಗೆ ಪರಿಣತ ಆರ್ಕಿಟೆಕ್ಟ್ ಬರ್ತಾರೆ. ಪಟ್ಟಿಯಲ್ಲಿ ಇಲ್ಲ ಅಂದ್ರೆ ಮೇಯರ್ ಅಲ್ಲಿ ಇಲ್ಲಿ ಅರ್ಜಿ ಹಾಕ್ಕೊಂಡು ಓಡಾಡಬೇಕು, ಗ್ರಾಮೀಣ ಅನುದಾನ, ಜಿಲ್ಲೆ, ಪ್ರಾಂತ್ಯ, ದಾನಿಗಳು, ಎಲ್ಲಾ ಕಡೆಯಿಂದ ಬಂದ್ರೂ ಸಾಮಾನ್ಯವಾಗಿ ಕೊನೇ 20% ಆದ್ರೂ ಊರೇ ಹಾಕ್ಬೇಕು.

ಆ ಪಟ್ಟಿ 1913ರ ಡಿಸೆಂಬರ್ 31ರ ಕಾನೂನಿನದ್ದು, ಎರಡು ದರ್ಜೆ ಇದೆ ಅದ್ರಲ್ಲಿ. ಒಟ್ಟು 45 ಸಾವಿರದಷ್ಟು ಕಟ್ಟಡಗಳು, ಅದ್ರಲ್ಲಿ ಸುಮಾರು ಮೂರನೇ ಒಂದು ಪಾಲು ಧಾರ್ಮಿಕ ಕಟ್ಟಡಗಳು. ದೇಶದಲ್ಲಿರೋ ಎಲ್ಲಾ ಧರ್ಮದ ಕಟ್ಟಡ, ಸಣ್ಣ ಗುಡಿಯಷ್ಟಿರೋ ಚಾಪೆಲ್, ಮಠ ಎಲ್ಲಾ ಸೇರ್ಸಿದ್ರೆ ಒಂದು ಲಕ್ಷ ಆಗುತ್ತೆ ಅಂತ ಅಂದಾಜು. ಅಂದ್ರೆ ಹೆಚ್ಚಿನವು ಪಟ್ಟಿಯಿಂದ ಹೊರಗೆ. ಇಲ್ಲೊಂದು ವಿಚಿತ್ರ ಇದೆ, ಕಟ್ಟಡಗಳ ಡೇಟಾಬೇಸ್ ಬೇರೆ, ವಸ್ತುಗಳ ಡೇಟಾಬೇಸ್ ಬೇರೆ, ಮೊದಲನೇದಕ್ಕೆ ಮೆರಿಮೆ ಅಂತ ಹೆಸರು ಎರಡನೇದಕ್ಕೆ ಪಲಿಸ್ಸಿ ಅಂತ. ಹಾಗಾಗಿ ಒಳಗಿರೋ ಮರದ ಮೂರ್ತಿಗೆ ರಕ್ಷಣೆ ಇರುತ್ತೆ, ಅದ್ರ ತಲೆ ಮೇಲಿರೋ ಚಾವಣಿಗೆ ಇರಲ್ಲ. ಮಳೆ ನೀರು ಆ ವ್ಯತ್ಯಾಸ ನೋಡಿಕೊಂಡು ಬೀಳುತ್ತಾ?

ಚರ್ಚು ಬೀಳೋದು ಹೇಗೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಬಹಳ ಜನ ಹಳೇ ಕಟ್ಟಡ ವಯಸ್ಸಾಗಿ ಬೀಳುತ್ತೆ ಅಂದ್ಕೋತಾರೆ. ಕಲ್ಲಿನ ಕಟ್ಟಡಕ್ಕೆ ವಯಸ್ಸು ಏನೂ ಮಾಡಲ್ಲ, ನೀರು ಮಾಡುತ್ತೆ. ಚಾವಣಿ ಅಂಚಲ್ಲಿ ಮಳೆ ನೀರು ಹರಿದು ಹೋಗೋ ದೋಣಿಯಲ್ಲಿ ಎಲೆ, ಪಾರಿವಾಳದ ಗೂಡು ಕಟ್ಕೊಳ್ಳುತ್ತೆ, ವರ್ಷಕ್ಕೆ ಒಂದ್ಸಲ ಯಾರಾದ್ರೂ ಏಣಿ ಹತ್ತಿ ತೆಗೆದ್ರೆ ಮುಗೀತು. ಮೊದಲು ಊರಲ್ಲಿ ಅದಕ್ಕೆ ಒಬ್ಬ ಇರ್ತಿದ್ದ, ಈಗ ಯಾರಿಲ್ಲ. ದೋಣಿ ಕಟ್ಟಿಕೊಂಡ್ರೆ ನೀರು ಗೋಡೆ ತಲೆ ಮೇಲೆ ಇಳಿಯುತ್ತೆ, ಅಲ್ಲೇ ಚಾವಣಿಯ ತೊಲೆಗಳ ತುದಿ ಕೂತಿರೋದು, ಆ ತುದಿ ಕೊಳೆಯುತ್ತೆ, ಮೆರೂಲ್ ಅಂತ ಒಂದು ಬೂಷ್ಟು ಇದೆ, ಅದು ಹತ್ತಿಕೊಂಡ್ರಂತೂ ಮರ ಪುಡಿಪುಡಿ. ತೊಲೆ ಕುಸಿದ್ರೆ ಭಾರ ಗೋಡೆಯನ್ನ ಹೊರಕ್ಕೆ ತಳ್ಳುತ್ತೆ, ಗೋಡೆ ಹೊರಕ್ಕೆ ವಾಲಿದ್ರೆ ಒಳಗಿನ ಕಲ್ಲಿನ ಕಮಾನು ಬಾಯಿ ಬಿಡುತ್ತೆ, ಅಲ್ಲಿಗೆ ಇಂಜಿನಿಯರ್ ಬಂದು ಒಳಗೆ ಯಾರೂ ಹೋಗಬಾರದು ಅಂತಾರೆ. ಒಂದು ಮಧ್ಯಾಹ್ನದ ಏಣಿ ಕೆಲಸ ತಪ್ಪಿದ್ದಕ್ಕೆ ಇಪ್ಪತ್ತು ವರ್ಷ ಆದ್ಮೇಲೆ ಇಡೀ ಚರ್ಚು ಮುಚ್ಚೋ ಸ್ಥಿತಿ.

ಅದಕ್ಕೆ ಇನ್ನೆರಡು ಸೇರ್ಕೊಂಡಿವೆ. ಒಂದು ಸಿಮೆಂಟು. ಹಳೇ ಗೋಡೆಗಳೆಲ್ಲ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು, ಸುಣ್ಣ ಉಸಿರಾಡುತ್ತೆ, ನೆಲದಿಂದ ಹತ್ತಿದ ತೇವ ಅದ್ರ ಮೂಲಕ ಆರಿಹೋಗುತ್ತೆ. ಕಳೆದ ಶತಮಾನದಲ್ಲಿ ಒಳ್ಳೇದಾಗ್ಲಿ ಅಂತಾನೇ ಎಷ್ಟೋ ಊರಲ್ಲಿ ಮೇಲೆ ಸಿಮೆಂಟ್ ಮೆತ್ತಿದ್ರು, ತೇವ ಒಳಗೇ ಸಿಕ್ಕಿಹಾಕ್ಕೊಂಡು ಕಲ್ಲನ್ನೇ ತಿನ್ನೋಕೆ ಶುರು ಮಾಡ್ತು. ಇನ್ನೊಂದು ಬರ. ಜೇಡಿಮಣ್ಣಿನ ನೆಲದಲ್ಲಿ ಬೇಸಿಗೆ ಒಣಗಿದ್ರೆ ಮಣ್ಣು ಕುಗ್ಗುತ್ತೆ, ಮಳೆ ಬಂದ್ರೆ ಉಬ್ಬುತ್ತೆ, 2018, 2022ರಂಥ ಬರದ ವರ್ಷಗಳಲ್ಲಿ ಇದ್ರಿಂದ ಮನೆಗಳು ಬಿರುಕು ಬಿಟ್ಟಿದ್ದು ಫ್ರಾನ್ಸಲ್ಲಿ ದೊಡ್ಡ ಸುದ್ದಿ ಆಗಿತ್ತು, ಚರ್ಚುಗಳೂ ಅದೇ ಮಣ್ಣಿನ ಮೇಲೆ ನಿಂತಿರೋದು, ಆಳವಾದ ಪಾಯ ಇಲ್ಲದೆ.

ಮುಚ್ಚಿದ್ಮೇಲೆ ಏನು? ಕೆಲವು ಕಡೆ ಕೆಡವಿದ್ದಾರೆ. ಪಶ್ಚಿಮ ಫ್ರಾನ್ಸಿನ ಜೆಸ್ತೆ ಅನ್ನೋ ಊರಿನ ಕತೆ ಅಲ್ಲಿ ಎಲ್ಲರ ಬಾಯಲ್ಲೂ ಬರುತ್ತೆ. 19ನೇ ಶತಮಾನದ ದೊಡ್ಡ ಚರ್ಚು, ರಿಪೇರಿ ಖರ್ಚು ನೋಡಿ 2007ರಲ್ಲಿ ಕೆಡವಿ ಹೊಸದು ಕಟ್ಟೋಣ ಅಂತ ಕೌನ್ಸಿಲ್ ತೀರ್ಮಾನ ಮಾಡ್ತು, ಊರವರೇ ಕೆಲವರು ಕೋರ್ಟಿಗೆ ಹೋದ್ರು, ವರ್ಷಗಟ್ಟಲೆ ಜಗಳ, ಕೊನೆಗೆ 2013ರಲ್ಲಿ ಕೆಡವಿದ್ರು, ಗೋಪುರ ಉಳಿಸ್ಕೊಂಡ್ರು. ಅದೇ ವರ್ಷ ಉತ್ತರದ ಅಬ್‌ವಿಲ್ ಪಟ್ಟಣದಲ್ಲಿ ಸೇಂಟ್ ಜಾಕ್ ಚರ್ಚನ್ನೂ ಕೆಡವಿದ್ರು. ಎರಡೂ 19ನೇ ಶತಮಾನದ್ದು ಅನ್ನೋದು ಕಾಕತಾಳೀಯ ಅಲ್ಲ. ಆ ಕಾಲದಲ್ಲಿ ಸಾವಿರಾರು ಹಳ್ಳಿಗಳು ಹಳೇ ಚರ್ಚು ಚಿಕ್ಕದಾಯ್ತು ಅಂತ ಮಧ್ಯಯುಗದ ಗೋಥಿಕ್ ಶೈಲಿ ನಕಲು ಮಾಡಿ ಹೊಸದು ಕಟ್ಟಿಸಿದ್ವು, ಬಹಳ ಕಾಲ ಕಲಾ ಇತಿಹಾಸದವರು ಅವನ್ನ ನಕಲು ಅಂತ ಕಡೆಗಣಿಸಿದ್ರು, ಅಧ್ಯಯನ ಮಾಡ್ಲಿಲ್ಲ, ಪಟ್ಟಿಗೆ ಸೇರಿಸ್ಲಿಲ್ಲ. ಯಾರೂ ಅಧ್ಯಯನ ಮಾಡದ್ದಕ್ಕೆ ಬೆಲೆ ಇಲ್ಲ ಅಂತ ತೀರ್ಮಾನ, ಬೆಲೆ ಇಲ್ಲ ಅಂತ ಯಾರೂ ಅಧ್ಯಯನ ಮಾಡಲ್ಲ. ನನಗೆ ಇದು ನಿಜಕ್ಕೂ ಅನ್ಯಾಯ ಅನ್ಸುತ್ತೆ, ಯಾಕಂದ್ರೆ ಆ ಚರ್ಚುಗಳನ್ನ ಕಟ್ಟಿಸಿದ್ದು ರಾಜರಲ್ಲ, ಎಷ್ಟೋ ಕಡೆ ಊರವರೇ ವಂತಿಗೆ ಎತ್ತಿ, ಎತ್ತಿನ ಗಾಡಿಯಲ್ಲಿ ಕಲ್ಲು ಹೊತ್ತು ಕಟ್ಟಿಸ್ಕೊಂಡಿದ್ದು.

ಕಾಗದ ಇಲ್ಲ ಅಂದ್ರೆ ಬೆಲೆ ಇಲ್ಲ ಅಂತ ಅಲ್ಲ ಅನ್ನೋದಕ್ಕೆ ಒಂದು ಒಳ್ಳೆ ಉದಾಹರಣೆ ಇದೆ. ಮಧ್ಯ ಫ್ರಾನ್ಸಲ್ಲಿ ವಿಕ್ ಅಂತ ಒಂದು ಹಳ್ಳಿ, ಈಗ ನೊಆನ್-ವಿಕ್ ಅಂತಾರೆ. ಅಲ್ಲಿನ ಸೇಂಟ್ ಮಾರ್ಟಿನ್ ಚರ್ಚು 1849ರವರೆಗೆ ಸುಣ್ಣ ಬಳಿದ ಒಂದು ಸಾದಾ ಚರ್ಚು, ಯಾರೂ ತಿರುಗಿ ನೋಡದೇ ಇರೋಂಥದ್ದು. ಆ ವರ್ಷ ಅಲ್ಲಿದ್ದ ಪಾದ್ರಿ ಪೆರಿಗೋ ಅನ್ನೋರಿಗೆ ಸುಣ್ಣದ ಪದರದ ಕೆಳಗೆ ಬಣ್ಣ ಕಾಣಿಸ್ತು. ಕೆರೆದು ನೋಡಿದ್ರೆ ಗೋಡೆ ತುಂಬ 12ನೇ ಶತಮಾನದ ಚಿತ್ರಗಳು, ಕ್ರಿಸ್ತ ಕತ್ತೆ ಮೇಲೆ ಜೆರುಸಲೇಂ ಪ್ರವೇಶ ಮಾಡೋದು, ಕೊನೇ ರಾತ್ರಿ ಊಟ, ಯೂದನ ಮುತ್ತು, ಇವತ್ತಿಗೆ ಫ್ರಾನ್ಸಿನ ರೋಮನೆಸ್ಕ್ (ಗೋಥಿಕ್‌ಗಿಂತ ಹಿಂದಿನ ಶೈಲಿ) ಚಿತ್ರಕಲೆಯ ಮುಖ್ಯ ಜಾಗಗಳಲ್ಲಿ ಅದೂ ಒಂದು. ಪಕ್ಕದ ನೊಆನ್‌ನಲ್ಲಿ ಲೇಖಕಿ ಜಾರ್ಜ್ ಸಾಂಡ್ ಮನೆ ಇತ್ತು, ಅವ್ರು ಸ್ಮಾರಕಗಳ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಪ್ರೊಸ್ಪರ್ ಮೆರಿಮೆಗೆ ವಿಷಯ ಮುಟ್ಟಿಸಿದ್ರು, ಚರ್ಚು ಉಳೀತು. ಆ ಡೇಟಾಬೇಸಿಗೆ ಇಟ್ಟಿರೋದು ಈ ಮೆರಿಮೆ ಹೆಸರನ್ನೇ. ಪಾದ್ರಿಗೆ ಕುತೂಹಲ ಇರದೇ ಹೋಗಿದ್ರೆ, ಪಕ್ಕದಲ್ಲಿ ಹೆಸರಾಂತ ಲೇಖಕಿ ಇರದೇ ಹೋಗಿದ್ರೆ? ಇವತ್ತು ಬೀಗ ಹಾಕಿರೋ ಎಷ್ಟು ಚರ್ಚುಗಳ ಸುಣ್ಣದ ಕೆಳಗೆ ಏನಿದೆ ಅಂತ ಯಾರು ಕೆರೆದು ನೋಡಿದ್ದಾರೆ?

ಸರ್ಕಾರ ಪ್ರಯತ್ನ ಮಾಡಿಲ್ಲ ಅಂತಲ್ಲ. 1964ರಲ್ಲಿ ಸಂಸ್ಕೃತಿ ಮಂತ್ರಿ ಆಂದ್ರೆ ಮಾಲ್ರೋ ಮತ್ತೆ ಕಲಾ ಇತಿಹಾಸಕಾರ ಆಂದ್ರೆ ಶಾಸ್ಟೆಲ್ ಸೇರಿ ಇಡೀ ದೇಶದ ಪರಂಪರೆಯ ಸಾಮಾನ್ಯ ಪಟ್ಟಿ ಅಂತ ಒಂದು ದೊಡ್ಡ ಕೆಲಸ ಶುರು ಮಾಡಿದ್ರು, ಚಮಚದಿಂದ ಹಿಡಿದು ಕೆಥೆಡ್ರಲ್‌ವರೆಗೆ ಎಲ್ಲಾ ಬರೆದಿಡ್ಬೇಕು ಅನ್ನೋದು ಅದ್ರ ಮಾತು. ತಾಲ್ಲೂಕು ತಾಲ್ಲೂಕಾಗಿ ಹೋಗಿ ಅಳತೆ ತಗೊಂಡು ಫೋಟೋ ತೆಗೆದು ಬರೆದ್ರು, ಅದ್ಭುತವಾದ ಕೆಲಸ, ಆದ್ರೆ ನಿಧಾನ. 2004ರಲ್ಲಿ ಆ ಕೆಲಸವನ್ನ ಪ್ರಾಂತ್ಯಗಳಿಗೆ ವಹಿಸಿದ್ರು. ಅರವತ್ತು ವರ್ಷ ಆದ್ರೂ ದೇಶ ಪೂರ್ತಿ ಆಗಿಲ್ಲ. 2022ರಲ್ಲಿ ಸೆನೆಟ್ಟಿನ, ಅಂದ್ರೆ ಅಲ್ಲಿನ ಸಂಸತ್ತಿನ ಮೇಲ್ಮನೆಯ, ಇಬ್ಬರು ಸದಸ್ಯರು, ಪಿಯೆರ್ ಊಝೂಲಿಯಾಸ್ ಮತ್ತೆ ಆನ್ ವೆಂಟಲೋನ್, ಧಾರ್ಮಿಕ ಕಟ್ಟಡಗಳ ಬಗ್ಗೆ ವರದಿ ಕೊಟ್ರು, 2030ರ ಹೊತ್ತಿಗೆ 2,500ರಿಂದ 5,000 ಕಟ್ಟಡಗಳು ಪಾಳು ಬೀಳೋ, ಮಾರಾಟ ಆಗೋ ಅಥವಾ ನೆಲಸಮ ಆಗೋ ಅಪಾಯ ಇದೆ ಅನ್ನೋ ಅಂದಾಜು ಅದ್ರಲ್ಲಿತ್ತು. ಎಲ್ಲಾ ಪತ್ರಿಕೆಯವರು ಆ 5,000 ಅನ್ನೋ ಸಂಖ್ಯೆ ಹಿಡ್ಕೊಂಡ್ರು. ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಅಂದಾಜಿನ ಅಗಲ. ಎರಡೂವರೆ ಸಾವಿರಕ್ಕೂ ಐದು ಸಾವಿರಕ್ಕೂ ಡಬಲ್ ವ್ಯತ್ಯಾಸ, ಎಣಿಸಿದವರಿಲ್ಲ ಅಂತಾನೇ ಅದ್ರ ಅರ್ಥ. ಪೂರ್ತಿ ಪಟ್ಟಿ ಮಾಡಿ ಅನ್ನೋದು ಆ ವರದಿಯ ಒತ್ತಾಯಗಳಲ್ಲೂ ಇತ್ತು.

ಆಮೇಲೆ 2023ರ ಸೆಪ್ಟೆಂಬರಲ್ಲಿ ಅಧ್ಯಕ್ಷ ಮ್ಯಾಕ್ರೋನ್ ಇದೇ ಬರ್ಗಂಡಿಯ ಸೆಮ್ಯೂರ್-ಆನ್-ಓಸ್ವಾ ಊರಿಗೆ ಬಂದು ಸಣ್ಣ ಊರುಗಳ ಧಾರ್ಮಿಕ ಕಟ್ಟಡಗಳಿಗೆ ರಾಷ್ಟ್ರೀಯ ನಿಧಿ ಸಂಗ್ರಹ ಘೋಷಣೆ ಮಾಡಿದ್ರು. 10 ಸಾವಿರಕ್ಕಿಂತ ಕಡಿಮೆ ಜನ ಇರೋ ಊರುಗಳಿಗೆ, ನಾಲ್ಕು ವರ್ಷದಲ್ಲಿ 200 ಮಿಲಿಯನ್ ಯೂರೋ ಗುರಿ, ದಾನ ಕೊಟ್ಟವರಿಗೆ 1,000 ಯೂರೋವರೆಗೆ 75% ತೆರಿಗೆಯಲ್ಲಿ ವಾಪಸ್, ನಡೆಸೋದು 1996ರಿಂದ ಇರೋ ಪರಂಪರೆ ಪ್ರತಿಷ್ಠಾನ. ಒಳ್ಳೆ ಕೆಲಸ, ಮನಸ್ಸಿಂದ ಹೇಳ್ತೀನಿ. ಆದ್ರೆ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಟ್ಟು ನೋಡಿ: 2019ರ ಏಪ್ರಿಲ್ 15ಕ್ಕೆ ನೋತ್ರ್ ದಾಮ್‌ಗೆ ಬೆಂಕಿ ಬಿದ್ದಾಗ ಅದೊಂದೇ ಕಟ್ಟಡಕ್ಕೆ ಪ್ರಪಂಚದ ಎಲ್ಲಾ ಕಡೆಯಿಂದ ಬಂದ ದಾನ 846 ಮಿಲಿಯನ್ ಯೂರೋ, 2024ರ ಡಿಸೆಂಬರಲ್ಲಿ ಮತ್ತೆ ತೆರೀತು. ಜನ ಕೊಟ್ಟಿದ್ದು ತಪ್ಪಲ್ಲ. ಅದ್ರ ಚಿತ್ರ ಎಲ್ಲರ ಮನಸ್ಸಲ್ಲಿತ್ತು, ಕತೆ ಗೊತ್ತಿತ್ತು, ಒಂದೊಂದು ತೊಲೆಗೂ ದಾಖಲೆ ಇತ್ತು, ಬೆಂಕಿಗೆ ಮುಂಚೆ ಮಾಡಿದ್ದ ಲೇಸರ್ ಸ್ಕ್ಯಾನ್ ಇತ್ತು, ಸುಟ್ಟು ಹೋಗಿದ್ದನ್ನ ಹಾಗೇ ಮತ್ತೆ ಕಟ್ಟೋಕೆ ಆಗಿದ್ದೇ ಅದ್ರಿಂದ. ನಾನು ನೋಡಿದ ಆ ಹಳ್ಳಿ ಚರ್ಚಿಗೆ ನಾಳೆ ಸಿಡಿಲು ಬಡಿದ್ರೆ ಚಾವಣಿ ಹೇಗಿತ್ತು ಅಂತ ತೋರಿಸೋಕೆ ಒಂದು ನಕ್ಷೆ ಇಲ್ಲ.

2024ರ ಅಕ್ಟೋಬರಲ್ಲಿ ಸಂಸ್ಕೃತಿ ಮಂತ್ರಿ ರಶೀದಾ ದಾತಿ ಒಂದು ಸಲಹೆ ಮುಂದಿಟ್ರು, ನೋತ್ರ್ ದಾಮ್ ನೋಡೋಕೆ ಬರೋ ಪ್ರವಾಸಿಗಳ ಹತ್ರ 5 ಯೂರೋ ಟಿಕೆಟ್ ತಗೊಂಡ್ರೆ ವರ್ಷಕ್ಕೆ 75 ಮಿಲಿಯನ್ ಬರುತ್ತೆ, ಅದನ್ನ ದೇಶದ ಉಳಿದ ಚರ್ಚುಗಳಿಗೆ ಹಾಕೋಣ ಅಂತ. ಚರ್ಚಿನವರು ಒಪ್ಪಲಿಲ್ಲ, ದೇವರ ಮನೆಗೆ ಬರೋರಲ್ಲಿ ಪ್ರವಾಸಿ ಯಾರು ಭಕ್ತ ಯಾರು ಅಂತ ಬಾಗಿಲಲ್ಲಿ ವಿಂಗಡಿಸೋಕೆ ಆಗಲ್ಲ ಅಂದ್ರು. 1905ರ ಕಾನೂನಿನ 17ನೇ ಕಲಮಿನಲ್ಲೇ ಇಂಥ ಕಟ್ಟಡ ನೋಡೋಕೆ ಶುಲ್ಕ ಇಡಬಾರದು ಅಂತ ಇದೆ. ನಾನು ಇದ್ರಲ್ಲಿ ಚರ್ಚಿನವರ ಕಡೆಗೆ. ಯಾವತ್ತೂ ಬಾಗಿಲು ತೆರೆದೇ ಇರೋ ಜಾಗ ಅನ್ನೋದು ಉಳಿಸೋಕೆ ಯೋಗ್ಯವಾದ ವಿಷಯ. ಟಿಕೆಟ್ ದುಡ್ಡು ಬಂದ್ರೂ ಅದು ಹೋಗೋದು ಅರ್ಜಿ ಹಾಕಿದವರಿಗೆ, ಅರ್ಜಿಗೆ ಬೇಕಾಗೋದು ಕಟ್ಟಡದ ಇತಿಹಾಸ, ಫೋಟೋ, ಆರ್ಕಿಟೆಕ್ಟ್ ವರದಿ, ನೂರೈವತ್ತು ಜನರ ಊರಿನ ಮೇಯರ್ ಹತ್ರ ಅದ್ರಲ್ಲಿ ಯಾವುದಿದೆ? ವಾರಕ್ಕೆ ಎರಡು ಮೂರು ದಿನ ಬರೋ ಒಬ್ಬ ಕಾರ್ಯದರ್ಶಿ ಇರ್ತಾರೆ ಅಷ್ಟೇ.

ಹಾಗಂತ ಕಾಗದ ಎಲ್ಲೂ ಇಲ್ವೇ ಇಲ್ಲ ಅಂತಲ್ಲ. ಚದುರಿ ಹೋಗಿದೆ. ನೆಪೋಲಿಯನ್ ಕಾಲದಲ್ಲಿ ಶುರುವಾದ ಭೂ ಅಳತೆಯ ನಕ್ಷೆಗಳು ಜಿಲ್ಲಾ ದಾಖಲಾಗಾರಗಳಲ್ಲಿವೆ, ಅದ್ರಲ್ಲಿ ಚರ್ಚು ಆಗ ಎಷ್ಟು ದೊಡ್ಡದಿತ್ತು ಅಂತ ಕಾಣುತ್ತೆ. ಬಿಷಪ್ಪರು ಊರೂರಿಗೆ ಭೇಟಿ ಕೊಟ್ಟಾಗ ಬರೆಸಿದ ವರದಿಗಳಿವೆ, ಚಾವಣಿ ಸೋರ್ತಿದೆ, ದೀಪದ ಎಣ್ಣೆಗೆ ದುಡ್ಡಿಲ್ಲ ಅಂತೆಲ್ಲ. ಎಲ್ಲಕ್ಕಿಂತ ಮುಖ್ಯವಾಗಿ 1906ರ ಪಟ್ಟಿಗಳಿವೆ. 1905ರ ಕಾನೂನು ಬಂದ್ಮೇಲೆ ಆಸ್ತಿ ಹಸ್ತಾಂತರಕ್ಕೆ ಮುಂಚೆ ಪ್ರತಿ ಚರ್ಚಲ್ಲೂ ಏನೇನಿದೆ ಅಂತ ಬರೆಯೋಕೆ ಸರ್ಕಾರಿ ಅಧಿಕಾರಿಗಳು ಹೋದ್ರು. ಜನ ರೊಚ್ಚಿಗೆದ್ರು, ಬಾಗಿಲಿಗೆ ಕುರ್ಚಿ ಬೆಂಚು ಅಡ್ಡ ಪೇರಿಸಿದ್ರು, ಪೊಲೀಸರು ಕೊಡಲಿಯಿಂದ ಬಾಗಿಲು ಒಡೆದ್ರು. 1906ರ ಮಾರ್ಚ್ 6ಕ್ಕೆ ಬೆಲ್ಜಿಯಂ ಗಡಿ ಹತ್ರದ ಬೊಶೆಪ್ ಹಳ್ಳಿ ಚರ್ಚಲ್ಲಿ ಗುಂಡೇಟಿಗೆ ಒಬ್ಬ ಸತ್ತ, ಮಾರನೇ ದಿನ ಸರ್ಕಾರವೇ ಬಿತ್ತು. ಅಷ್ಟು ದ್ವೇಷಕ್ಕೆ ಕಾರಣವಾದ ಆ ಕಾಗದಗಳನ್ನೇ ಇವತ್ತು ಹಳ್ಳಿ ಚರ್ಚಿನ ಬಗ್ಗೆ ಯಾರಾದ್ರೂ ತಿಳ್ಕೋಬೇಕು ಅಂದ್ರೆ ಮೊದಲು ತೆಗೆದು ನೋಡೋದು, ಎಷ್ಟೋ ಊರಿಗೆ ಒಳಗೆ ಏನಿತ್ತು ಅಂತ ಹೇಳೋ ಒಂದೇ ಸಾಕ್ಷಿ ಅದು. ಎರಡು ಬೆಳ್ಳಿ ಬಟ್ಟಲು, ಒಂದು ಹರಿದ ಚಿತ್ರಪಟ, ಹನ್ನೆರಡು ಬೆಂಚು.

ಕೋರ್ಟಿನ ಕಾಗದಗಳಲ್ಲೂ ಸಿಗುತ್ತೆ. ನೈಋತ್ಯ ಫ್ರಾನ್ಸಿನ ಮೊಂಸೆಗ್ಯೂರ್ ಊರಿನ ಚರ್ಚಲ್ಲಿ ಮಕ್ಕಳು ಪವಿತ್ರ ಜಲದ ಕಲ್ಲಿನ ಬೋಗುಣಿಗೆ ನೇತಾಡಿ, ಅದು ಉರುಳಿ ಒಬ್ಬ ಹುಡುಗನಿಗೆ ಗಾಯ ಆಯ್ತು. ಆ ಕೇಸು ದೇಶದ ಅತಿ ದೊಡ್ಡ ಆಡಳಿತ ನ್ಯಾಯಾಲಯದವರೆಗೆ ಹೋಗಿ 1921ರಲ್ಲಿ ತೀರ್ಪು ಬಂತು, ಚರ್ಚಿನಲ್ಲಿ ಕಮ್ಯೂನ್ ಮಾಡಿಸೋ ಕೆಲಸ ಸಾರ್ವಜನಿಕ ಕಾಮಗಾರಿ ಅಂತ. ಫ್ರಾನ್ಸಲ್ಲಿ ಕಾನೂನು ಓದೋ ಹುಡುಗ್ರು ಇವತ್ತಿಗೂ ಅದನ್ನ ಓದ್ತಾರೆ. ಒಂದು ಹಳ್ಳಿ ಬೋಗುಣಿಯಿಂದ.

ಈ ನೆಲದ ಜೊತೆ ನಮಗೂ ಒಂದು ಎಳೆ ಇದೆ. 1799ರ ನಂತರ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಇದ್ದ ಅಬ್ಬೆ ಡುಬಾಯ್, ನಮ್ಮ ಜನ ದೊಡ್ಡ ಸ್ವಾಮಿಯೋರು ಅಂತ ಕರೀತಿದ್ದವರು, ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ದೆಶ್ ಭಾಗದ ಸೆನ್-ರೆಮೆಜ್ ಅನ್ನೋ ಹಳ್ಳಿಯಲ್ಲಿ. ಹಾಸನದ ಹತ್ರ ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಹಿನ್ನೀರಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳೋ ರೋಸರಿ ಚರ್ಚು, ಅದೂ ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ್ದು. ಅದ್ರ ಫೋಟೋ ಲಕ್ಷಗಟ್ಟಲೆ ಇದೆ ಎಲ್ಲರ ಫೋನಲ್ಲಿ. ಪ್ರತಿ ಮಳೆಗಾಲ ಕಳೆದ ಮೇಲೆ ಯಾವ ಗೋಡೆ ಹೋಯ್ತು ಯಾವ ಕಮಾನು ಉಳೀತು ಅಂತ ಆ ಫೋಟೋಗಳನ್ನೆಲ್ಲ ವರ್ಷದ ಪ್ರಕಾರ ಜೋಡಿಸಿದ್ರೆ ಅದೇ ಒಂದು ದಾಖಲೆ ಆಗ್ತಿತ್ತು.

ಫ್ರಾನ್ಸಲ್ಲಿ ಈಗ ಅಂಥ ಕೆಲಸ ಮಾಡ್ತಿರೋದು ಬಹುಪಾಲು ಸಾಮಾನ್ಯ ಜನ. 1901ರ ಸಂಘಗಳ ಕಾನೂನಿನ ಅಡಿಯಲ್ಲಿ ನಾಲ್ಕೈದು ಜನ ಸೇರಿ ಚರ್ಚಿನ ಗೆಳೆಯರು ಅಂತ ಸಂಘ ಮಾಡ್ಕೋತಾರೆ, ಅದ್ರಲ್ಲಿ ಅರ್ಧ ಜನ ಪೂಜೆಗೆ ಹೋಗದೇ ಇರೋರು, ದೇವರನ್ನ ನಂಬದೇ ಇರೋರೂ ಇರ್ತಾರೆ, ಸಂತೆ ದಿನ ಕೇಕ್ ಮಾರಿ ದುಡ್ಡು ಕೂಡಿಸ್ತಾರೆ. 1921ರಲ್ಲಿ ಶುರುವಾದ ಸೊವ್‌ಗಾರ್ದ್ ದ ಲಾರ್ ಫ್ರಾನ್ಸೆ ಅನ್ನೋ ಸಂಸ್ಥೆ ಹಳ್ಳಿಯ ಹಳೇ ಚರ್ಚುಗಳಿಗೆ ಅಂತಾನೇ ಸಹಾಯ ಕೊಡುತ್ತೆ. 2006ರಿಂದ ಇರೋ ಧಾರ್ಮಿಕ ಪರಂಪರೆ ವೀಕ್ಷಣಾಲಯ ಅನ್ನೋ ಸಂಘ ಸ್ವಯಂಸೇವಕರನ್ನ ಇಟ್ಕೊಂಡು ಊರೂರಿನ ಕಟ್ಟಡ ದಾಖಲಿಸ್ತಿದೆ. ನನ್ನ ಅಭಿಪ್ರಾಯ ಕೇಳಿದ್ರೆ ಮುಂದಿನ ದುಡ್ಡಿನ ಮೊದಲ ಪಾಲು ಇವ್ರಿಗೆ ಹೋಗ್ಬೇಕು. ಒಂದು ಚರ್ಚಿನ ಚಾವಣಿ ಮಾಡಿಸೋ ದುಡ್ಡಲ್ಲಿ ಸುತ್ತಮುತ್ತ ಎಷ್ಟೋ ಚರ್ಚುಗಳ ಅಳತೆ ತಗೊಂಡು, ಒಳಗೆ ಹೊರಗೆ ಫೋಟೋ ತೆಗೆದು, ದೋಣಿ ಎಲ್ಲಿ ಕಟ್ಟಿದೆ ಅಂತ ಬರೆದು, ಏಣಿ ಹತ್ತಿ ತೆಗೆಸೋಕೂ ಆಗುತ್ತೆ. ಯಾವುದನ್ನ ಉಳಿಸ್ಬೇಕು ಅಂತ ಆಮೇಲೆ ಜಗಳ ಆಡ್ಲಿ, ಆಗ್ಲಾದ್ರೂ ಏನಿದೆ ಅಂತ ಗೊತ್ತಿಟ್ಕೊಂಡು ಆಡ್ತಾರೆ.

ಆ ಹಳ್ಳಿಗೆ ಇನ್ನೊಂದು ಸಲ ಹೋದೆ, ವಾಪಸ್ ಬರೋ ಹಿಂದಿನ ವಾರ. ಕೀಲಿ ಇಟ್ಟುಕೊಂಡಿದ್ದ ಅವ್ರು ಈ ಸಲ ಗೋಪುರದ ಬಾಗಿಲೂ ತೆಗೆದ್ರು, "ನನಗೆ ಮೊಣಕಾಲು ನೋವು, ಹತ್ತೋಕಾಗಲ್ಲ, ನೀವು ಹತ್ತಿ, ಗಂಟೆ ಮೇಲೆ ಏನೋ ಬರೆದಿದೆ ಅಂತ ನಮ್ಮಪ್ಪ ಹೇಳ್ತಿದ್ರು" ಅಂದ್ರು. ಅಲ್ಲಿ ಗಂಟೆಗಳಿಗೂ ನಾಮಕರಣ ಇರುತ್ತೆ, ಜ್ಞಾನ ತಂದೆ ತಾಯಿ (ಮಗುವಿನ ನಾಮಕರಣದಲ್ಲಿ ಜೊತೆಗೆ ನಿಲ್ಲೋರ ಹಾಗೆ) ಇರ್ತಾರೆ, ಅವ್ರ ಹೆಸರು, ಎರಕ ಹೊಯ್ದವನ ಹೆಸರು, ಇಸವಿ ಎಲ್ಲಾ ಗಂಟೆ ಮೈಮೇಲೇ ಅಚ್ಚಾಗಿರುತ್ತೆ. ಕ್ರಾಂತಿಯ ಕಾಲದಲ್ಲಿ ಊರಿಗೊಂದು ಗಂಟೆ ಬಿಟ್ಟು ಉಳಿದಿದ್ದನ್ನೆಲ್ಲ ಕರಗಿಸೋಕೆ ತಗೊಂಡು ಹೋಗಿದ್ರು, ಹಾಗಾಗಿ ಬಹಳಷ್ಟು ಆಮೇಲಿನವು. ಮರದ ಮೆಟ್ಟಿಲು ಹತ್ತಿ ಮೇಲೆ ಹೋಗಿ ಪಾರಿವಾಳದ ಹಿಕ್ಕೆ ಒರೆಸಿದ್ರೆ ಸಾಲು ಸಾಲು ಅಕ್ಷರ. ಪೇಪರ್ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದೆ, ಆಮೇಲೆ ಒಂದೊಂದೇ ಅಕ್ಷರ ಜೋರಾಗಿ ಕೂಗಿ ಹೇಳ್ದೆ, ಕೆಳಗೆ ಅವ್ರು ಬಕೆಟ್ ಬೋರಲು ಹಾಕಿ ಅದ್ರ ಮೇಲೆ ಕೂತು ನೋಟ್‌ಬುಕ್ಕಲ್ಲಿ ಬರ್ಕೊಂಡ್ರು. ಗಂಟೆಯ ಹೆಸರು ಮರಿ-ಆನ್. ಜ್ಞಾನ ತಾಯಿಯ ಮನೆತನ ಕೇಳಿ ಅವ್ರು ಸ್ವಲ್ಪ ಹೊತ್ತು ಸುಮ್ನಾದ್ರು, ಅವ್ರ ಅಜ್ಜಿಯ ತವರು ಅದು. ಇಸವಿಯ ಕೊನೇ ಅಂಕಿ ಸವೆದು ಹೋಗಿತ್ತು, 3 ಇರ್ಬಹುದು 8 ಇರ್ಬಹುದು ಅಂತ ಕೂಗಿದೆ. ಎರಡೂ ಬರ್ಕೋತೀನಿ ಅಂದ್ರು.